ಕೊರಳಿಗೆ ಒಪ್ಪುವ ನೆರಿಗೆ

ಸೀರೆಗೆ ಬೆಲೆ ಕಟ್ಟುವವನು ಅಂಗಡಿಯವನು. ರವಿಕೆಯ ಕೊರಳಿಗೆ ಬೆಲೆ ಕಟ್ಟುವವರು ನೆಂಟರು. ತುಸು ಇಳಿದರೆ ‘ಕಾಲ ಕೆಟ್ಟಿತು’ ಎನ್ನುತ್ತಾರೆ. ತುಸು ಏರಿದರೆ ‘ಇವಳಿನ್ನೂ ಅಜ್ಜಿಯ ಕಾಲದಲ್ಲಿದ್ದಾಳೆ’ ಎನ್ನುತ್ತಾರೆ. ಈ ಎರಡು ಮಾತುಗಳ ನಡುವಣ ನಾಲ್ಕು ಬೆರಳಿನ ಜಾಗದಲ್ಲಿ ಹೆಣ್ಣುಮಕ್ಕಳು ತಮ್ಮ ಅಭಿರುಚಿಯನ್ನು ಕಾಪಾಡಿಕೊಂಡು ಬರಬೇಕಾಗಿದೆ.

ನನ್ನ ತವರು ಶಿಕಾರಿಪುರ. ಸೇರಿದ ಮನೆ ಸೊರಬ. ಮಲೆನಾಡು ಬಯಲುಸೀಮೆಗೆ ಕೈಚಾಚುವ ಅಂಚು ಇದು. ಆದ್ದರಿಂದ ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ, ಮೈಸೂರು ರೇಷ್ಮೆ ಮೂರೂ ಒಟ್ಟಿಗೆ ಮಲಗಿರುತ್ತವೆ. ಸೆರಗನ್ನು ಹೆಗಲಿಂದ ಇಳಿಬಿಡುವವರೂ ಉಂಟು, ಎರಡು ಹೆಗಲಿಗೂ ಹೊದೆಯುವವರೂ ಉಂಟು, ತಲೆಗೆ ಏರಿಸುವವರೂ ಉಂಟು. ವಿಚಾರ ಮಾಡಿದರೆ, ಕೊರಳ ಸುತ್ತ ಬಟ್ಟೆ ನೆರಿಗೆಯಾಗಿ ಬೀಳುವ ಚೆಲುವನ್ನು ನಮಗೆ ಮೊದಲು ಕಲಿಸಿದುದು ಈ ಸೆರಗೇ.

ಈಗಿನ ಹುಡುಗಿಯರು ಕೇಳುವ ‘ಕೌಲ್ ನೆಕ್’ ಆ ಚೆಲುವನ್ನೇ ಹೊಲಿಗೆಯಲ್ಲಿ ಹಿಡಿಯುವ ಉಪಾಯ. ಕೌಲ್ ಎಂದರೆ ಯೂರೋಪಿನ ಕ್ರೈಸ್ತ ಸನ್ಯಾಸಿಗಳ ಮುಸುಕು. ವಿರಕ್ತರ ಮುಸುಕು ಔತಣದ ಉಡುಪಿಗೆ ಹೆಸರಾದುದು ವಿನೋದವೇ ಸರಿ! ಎದೆಯ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆಯದೆ, ಹೆಗಲಿಂದ ಹೆಗಲಿಗೆ ಜೋಲಿಯಂತೆ ಸಡಿಲ ಬಿಡುವುದು ಅದರ ಲಕ್ಷಣ. ಅದರ ಗುಟ್ಟು ಕತ್ತರಿಯಲ್ಲಿದೆ. ಹಾಸಿನ ಉದ್ದಕ್ಕೋ ಹೊಕ್ಕಿನ ಉದ್ದಕ್ಕೋ ಎಳೆದರೆ ಬಟ್ಟೆ ಹೆಚ್ಚು ಜಗ್ಗುವುದಿಲ್ಲ. ಎರಡರ ನಡುವೆ ಓರೆಯಾಗಿ, 45 ಡಿಗ್ರಿಯಲ್ಲಿ ಎಳೆದರೆ ಜಗ್ಗಿ ಬಾಗುತ್ತದೆ. ದರ್ಜಿಗಳು ಇದನ್ನು ‘ಕ್ರಾಸ್’ ಎನ್ನುತ್ತಾರೆ. 1920ರ ದಶಕದಲ್ಲಿ ಪ್ಯಾರಿಸ್ಸಿನ ಮ್ಯಾಡಲೀನ್ ವಿಯೊನೆ ಹೀಗೆ ಓರೆಯಾಗಿ ಕತ್ತರಿಸಿದ ಉಡುಪುಗಳಿಂದಲೇ ಕೀರ್ತಿ ಪಡೆದಳು. ನಮ್ಮ ಸೊರಬವು ಗಂಧದ ಮರದಲ್ಲಿ ಕೆತ್ತುವ ಗುಡಿಗಾರರಿಗೆ ಹೆಸರಾದ ಊರು. ಮರದಲ್ಲಾದರೆ ನೆರಿಗೆಯನ್ನು ಉಳಿ ಕೆತ್ತಬೇಕು. ಬಟ್ಟೆಯಲ್ಲಿ ಅದರ ಭಾರವೇ ಆ ಕೆಲಸವನ್ನು ಮಾಡುತ್ತದೆ.

ಇಷ್ಟೆಲ್ಲ ನಾನು ತಿಳಿದುಕೊಂಡುದು ಅಕ್ಕನ ಮಗಳ ಮದುವೆಯ ದೆಸೆಯಿಂದ. ಆರತಕ್ಷತೆಗೆ ಉದ್ದನೆಯ ಗೌನು ಬೇಕು, ಅದಕ್ಕೆ ಇಂಥ ಕೊರಳಿರಬೇಕು, ಅದೂ ಅಮ್ಮನ ಹಳೆಯ ಮೈಸೂರು ಕ್ರೇಪ್ ಸೀರೆಯಿಂದಲೇ ಆಗಬೇಕು ಎಂದು ಹುಡುಗಿ ಹಠ ಹಿಡಿದಳು. ಸೀರೆಯನ್ನು ಕೊಡಲು ಅಕ್ಕ ಹಿಂದೆಗೆಯಲಿಲ್ಲ. ಅವಳ ಸಂಕಟ ಬೇರೆ. ಎರಡು ವರ್ಷಗಳ ಹಿಂದೆ ಹುಡುಗಿಗೆ ಥೈರಾಯಿಡ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾಗಿತ್ತು. ಕೊರಳಿನ ಬುಡದಲ್ಲಿ ಅಡ್ಡಲಾಗಿ ಒಂದು ಗೆರೆ ಉಳಿದಿದೆ.

ನೆಂಟರ ಸಲಹೆಗಳಿಗೆ ಕೊರತೆಯೇ? ‘ಕಾಲರು ಇಡಿಸಿ’ ಎಂದರು ಒಬ್ಬರು. ‘ಅಗಲವಾದ ಅಡ್ಡಿಕೆ ಕಟ್ಟಿದರೆ ಕಾಣುವುದಿಲ್ಲ’ ಎಂದರು ಇನ್ನೊಬ್ಬರು. ನಾನು ತಾಯಿ ಮಗಳಿಬ್ಬರನ್ನೂ ಸೊರಬಕ್ಕೆ ಕರೆಸಿ, ನಮ್ಮ ಬೀದಿಯ ಹೊಲಿಗೆಯಾಕೆಯ ಮುಂದೆ ಕೂರಿಸಿದೆ. ಆಕೆ ಸೀರೆಯ ಎರಡು ಮೂಲೆಗಳನ್ನು ಹಿಡಿದು ನಡುವೆ ಸಡಿಲ ಬಿಟ್ಟಳು. ಬಟ್ಟೆ ಎಲ್ಲಿಯೂ ಮುರಿಯದೆ ಕಮಾನಿನಂತೆ ಇಳಿಯಿತು. “ಇದು ಬೀಳುತ್ತದೆ. ಖಣವಾಗಿದ್ದರೆ ಸೆಟೆದು ನಿಲ್ಲುತ್ತಿತ್ತು” ಎಂದಳು. ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವುದರಿಂದ ಕ್ರೇಪಿಗೆ ಈ ಗುಣ ಬರುತ್ತದೆ. 1912ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆ ಕಾರ್ಖಾನೆ ನಮ್ಮ ಮನೆಗಳಿಗೆ ಕೊಟ್ಟ ಭಾಗ್ಯವಿದು.

ಆಕೆ ಹೇಳಿದ ಸೂತ್ರಗಳು ಸೋದರಿಯರಿಗೆ ಉಪಯೋಗವಾಗಬಹುದು. ನೆರಿಗೆಯು ಎದೆಗೆ ತುಂಬನ್ನು ಕೊಡುತ್ತದೆ; ಆದ್ದರಿಂದ ತೆಳ್ಳಗಿನವರಿಗೆ ಮೂರು ನಾಲ್ಕು ನೆರಿಗೆ ಒಪ್ಪುತ್ತವೆ, ಮೈತುಂಬಿದವರಿಗೆ ಒಂದೇ ಒಂದು ಸಾಕು. ಗಿಡ್ಡ ಕೊರಳಿನವರಿಗೆ ನೆರಿಗೆ ಕೆಳಗೆ ಇಳಿಯಬೇಕು, ನೀಳ ಕೊರಳಿನವರಿಗೆ ಮೇಲೆ ಇದ್ದರೂ ಚೆನ್ನ. ನೆರಿಗೆಯ ಮೇಲೆ ಭಾರದ ಹಾರ ಬೇಡ. ಕಿವಿಯ ಓಲೆಯೇ ಸಾಕು. ಸೀರೆಯೊಳಗಿನ ರವಿಕೆಗೆ ಈ ಕೊರಳು ಸಲ್ಲದು. ಸೆರಗಿನ ನೆರಿಗೆಗೂ ಅದಕ್ಕೂ ಜಗಳ.

ಕಡೆಗೆ ಆಕೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿದಳು: “ಗೆರೆ ಮುಚ್ಚಬೇಕೆಂದರೆ ನೆರಿಗೆಯನ್ನು ಮೇಲಕ್ಕೆ ತರುತ್ತೇನೆ. ಬೇಡವೆಂದರೆ ಕೊರಳೆಲುಬಿನ ಕೆಳಗೆ ಬಿಡುತ್ತೇನೆ. ಯಾವುದಾಗಲಿ?”

ಅಕ್ಕ ಬಾಯಿ ತೆರೆಯುವ ಮೊದಲೇ ಹುಡುಗಿ, “ಕೆಳಗೇ ಇರಲಿ” ಎಂದಳು.

“ನೋಡಿದವರು ಕೇಳುತ್ತಾರಲ್ಲೇ!”

“ಕೇಳಲಿ ಅಮ್ಮ. ಆಪರೇಷನ್ ಆಗಿತ್ತು, ಈಗ ಆರೋಗ್ಯವಾಗಿದ್ದೇನೆ ಎನ್ನುತ್ತೇನೆ. ಎರಡು ವರ್ಷದಿಂದ ದುಪಟ್ಟಾ ಸರಿಮಾಡಿಕೊಂಡು ಸಾಕಾಗಿದೆ. ಅವತ್ತಾದರೂ ನನ್ನ ಕೈ ಕೊರಳಿಗೆ ಹೋಗಬಾರದು.”

ಅಕ್ಕ ಮಾತಾಡಲಿಲ್ಲ. ಸೀರೆಯ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ, ಆಕೆಯ ಕೈಗೆ ಕೊಟ್ಟಳು.

ಅಕ್ಕಮಹಾದೇವಿ ಹುಟ್ಟಿದ ಉಡುತಡಿ ನಮ್ಮ ಶಿಕಾರಿಪುರದ ಸಮೀಪದಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಆ ಶರಣೆ ಉಡುಗೆ ತೊಡುಗೆಗಳನ್ನು ತೊರೆದು ಕೇಶದಿಂದಲೇ ಮೈಮುಚ್ಚಿಕೊಂಡಳೆಂದು ಪರಂಪರೆ ಹೇಳುತ್ತದೆ. ಆ ವೈರಾಗ್ಯದ ಎತ್ತರ ಸಂಸಾರಿಗಳಾದ ನಮಗೆ ಎಟುಕುವುದಲ್ಲ. ನಾವು ದರ್ಜಿಯ ಅಂಗಡಿಗೇ ಹೋಗಬೇಕಾದವರು. ಆದರೆ ಅವಳ ಹೆಸರನ್ನು ಹೆಣ್ಣುಮಕ್ಕಳಿಗೆ ಇಟ್ಟು ಹೆಮ್ಮೆಪಡುವ ನಾವು, ಉಡುಪಿನ ಕೊರಳು ಎಲ್ಲಿ ನಿಲ್ಲಬೇಕೆಂಬ ತೀರ್ಮಾನವನ್ನಾದರೂ ಅವರಿಗೆ ಬಿಡಬೇಡವೇ?

‘ಒಪ್ಪುವ ಉಡುಪು’ ಎಂದರೆ ದೋಷ ಮುಚ್ಚುವ ಉಡುಪೆಂದು ಅನೇಕರು ತಿಳಿದಿದ್ದಾರೆ. ಮುಚ್ಚಿಕೊಂಡು ನೆಮ್ಮದಿಯಾಗಿರುವವಳಿಗೆ ಅದೂ ಸರಿಯೇ. ನಾನು ಹೇಳುವ ಪರೀಕ್ಷೆ ಸುಲಭವಾದುದು. ಹೊಸ ಉಡುಪನ್ನು ತೊಟ್ಟು ಕನ್ನಡಿಯ ಮುಂದೆ ನಿಂತರೆ ಸಾಲದು. ಕುಳಿತು ಏಳಿ, ಪಂಕ್ತಿಯಲ್ಲಿ ಬಡಿಸುವವರಂತೆ ಬಾಗಿ, ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಇಷ್ಟರಲ್ಲಿ ಕೈ ಒಮ್ಮೆಯೂ ಕೊರಳಿನ ಕಡೆಗೆ ಹೋಗದಿದ್ದರೆ, ಆ ಕೊರಳು ನಿಮಗೆ ಒಪ್ಪಿತೆಂದು ತಿಳಿಯಿರಿ.