ಓಣಿಯ ಕಾವಲು

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದು ಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ಮೂವತ್ತು ವರ್ಷ ಕನ್ನಡ ವ್ಯಾಕರಣವನ್ನು ಪಾಠ ಹೇಳಿದವನಿಂದ ಅವರು ಅಪೇಕ್ಷಿಸಿದ್ದು ಬಹುಶಃ ಕವಿರಾಜಮಾರ್ಗವನ್ನೋ ಮಳಖೇಡದ ಗತವೈಭವವನ್ನೋ ಕುರಿತ ಪ್ರಬಂಧವನ್ನಿರಬೇಕು. ಆ ವಿಷಯಗಳನ್ನು ನನಗಿಂತ ಸಮರ್ಥರಾದವರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ನಾನು ಬೀಗಗಳನ್ನು ಕುರಿತು ಬರೆಯುತ್ತೇನೆ. ಶಹಾಬಾದದ ಓಣಿಯೊಂದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ಬಾಗಿಲಿನ ಹೊರಚಿಲಕಕ್ಕೆ ಬೀಳುವ ಬೀಗದ ಗಾತ್ರವು ವರುಷದಿಂದ ವರುಷಕ್ಕೆ ದೊಡ್ಡದಾಗುತ್ತ ಬಂದುದನ್ನು ನೋಡುವ ಯೋಗ ಒದಗಿದೆ.

ನಮ್ಮ ಸೀಮೆಯ ಸ್ವರೂಪವೇ ಅಪರಿಚಿತರನ್ನು ಬರಮಾಡಿಕೊಳ್ಳುವಂಥದು. ವಾಡಿಯು ರೈಲು ಸಂಧಿಸ್ಥಾನ. ೧೮೭೪ರಲ್ಲಿ ನಿಜಾಮರ ರೈಲುದಾರಿಯು ಅಲ್ಲಿಂದ ಸಿಕಂದರಾಬಾದಿಗೆ ಹೊರಟ ದಿನದಿಂದ ನಡುರಾತ್ರಿಯಲ್ಲೂ ಅಲ್ಲಿ ಜನ ಇಳಿಯುವುದು ಹತ್ತುವುದು ತಪ್ಪಿಲ್ಲ. ಚಿತ್ತಾಪುರ, ಸೇಡಂಗಳು ಅದೇ ದಾರಿಯ ಮೇಲಿವೆ. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು. ಶಹಾಬಾದದ ಸುತ್ತ ಹಾಸುಗಲ್ಲಿನ ಖಣಿಗಳು. ರೈಲು ಕಾಣದ ಚಿಂಚೋಳಿಗೂ ತೆಲಂಗಾಣದ ಗಡಿ ಅಂಗಳದಷ್ಟು ಹತ್ತಿರ. ಬಿಹಾರದ ಕೂಲಿಕಾರನೂ ಆಂಧ್ರದ ಲಾರಿ ಚಾಲಕನೂ ಇಲ್ಲಿಯ ಚಹಾದಂಗಡಿಗಳಲ್ಲಿ ನಿತ್ಯದ ಗಿರಾಕಿಗಳು. ಹೊಸ ಮುಖವೊಂದು ಕಂಡೊಡನೆ ನಾಯಿಯಿಂದ ಹಿಡಿದು ನಾಯಕನವರೆಗೆ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದ ಹಳ್ಳಿಯ ಕಾವಲು ಇಂಥ ಊರುಗಳಲ್ಲಿ ನಡೆಯುವಂತಿಲ್ಲ.

ಆ ಹಳೆಯ ಕಾವಲಿನ ಕುರುಹುಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದಿವೆ. ಊರಿಗೆ ಅಗಸಿ, ಅಗಸಿಗೆ ದಪ್ಪನೆಯ ಕದ, ಎತ್ತರದ ಹುಡೇವು. ಅಮೀನಸಾಹೇಬರ ಠಾಣೆ ಹತ್ತಾರು ಹರದಾರಿ ದೂರದಲ್ಲಿದ್ದ ನಿಜಾಮರ ಕಾಲದಲ್ಲಿ ಊರಿನ ಶಾಂತಿಪಾಲನೆಗೆ ಪೊಲೀಸ ಪಾಟೀಲ, ಕಂದಾಯಕ್ಕೆ ಮಾಲಿ ಪಾಟೀಲ, ರಾತ್ರಿಯ ಗಸ್ತಿಗೆ ತಳವಾರ, ಓಡಾಟಕ್ಕೆ ವಾಲಿಕಾರ ಎಂಬ ಏರ್ಪಾಡಿತ್ತು. ಈ ಪದವಿಗಳು ಇಂದು ನಮ್ಮ ಹಾಜರಿ ಪುಸ್ತಕಗಳಲ್ಲಿ ಮಕ್ಕಳ ಅಡ್ಡಹೆಸರುಗಳಾಗಿ ಮಾತ್ರ ಉಳಿದಿವೆ. ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದ ಗ್ರಾಮಾಧಿಕಾರಗಳ ರದ್ದತಿಯ ಕಾಯಿದೆಯು ವಂಶಪಾರಂಪರ್ಯದ ಈ ಹುದ್ದೆಗಳನ್ನು ಕೊನೆಗಾಣಿಸಿತು. ಅದಕ್ಕಾಗಿ ಕಣ್ಣೀರು ಸುರಿಸುವವರಲ್ಲಿ ನಾನಿಲ್ಲ. ಕಳವಾದ ಮಾಲು ಸಿಕ್ಕದಿದ್ದರೆ ಕಾವಲಿನವನೇ ದಂಡ ತೆರಬೇಕೆಂಬ ನಿಯಮ ಕೌಟಿಲ್ಯನ ಕಾಲದಷ್ಟು ಹಳೆಯದು. ಆ ದಂಡದ ಭಯದಲ್ಲಿ ಬಡವನೊಬ್ಬನು ಇನ್ನೊಬ್ಬ ಬಡವನನ್ನು ಹಿಡಿದುಕೊಟ್ಟ ಪ್ರಸಂಗಗಳು ಎಷ್ಟಿರಬಹುದೋ ಬಲ್ಲವರಾರು? ೧೯೬೪ರಲ್ಲಿ ಗ್ರಾಮ ರಕ್ಷಣಾ ದಳಗಳ ಕಾಯಿದೆಯೂ ಬಂದಿತು. ಊರಿನ ಜನರೇ ಸೇರಿ ಕಾವಲು ಕಾಯುವುದು, ಅವರಿಗೊಬ್ಬ ದಳಪತಿ ಎಂಬುದು ಅದರ ಆಶಯ. ಜಾತಿಯಿಂದ ಬಂದ ಕಾವಲನ್ನು ತೆಗೆದು ಒಪ್ಪಿಗೆಯಿಂದ ಬರುವ ಕಾವಲನ್ನು ತರಬೇಕೆಂಬ ಈ ವಿಚಾರ ಒಳ್ಳೆಯದೇ ಆಗಿದ್ದಿತು.

ಇನ್ನೂ ಒಂದು ಕಾವಲಿನ ನೆನಪು ನಮ್ಮ ಹಿರಿಯರಲ್ಲಿತ್ತು. ೧೯೪೭-೪೮ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಮಾಳಿಗೆಗಳ ಮೇಲೆ ಕಲ್ಲುಗಳನ್ನು ಕೂಡಿಸಿಟ್ಟು ಸರದಿಯಂತೆ ರಾತ್ರಿ ಎಚ್ಚರವಿದ್ದುದನ್ನು ನನ್ನ ತಂದೆಯವರು ಹೇಳುತ್ತಿದ್ದರು. ೧೯೪೮ರ ಸೆಪ್ಟೆಂಬರದ ಸೈನಿಕ ಕಾರ್ಯಾಚರಣೆಯ ತರುವಾಯ ಅದೇ ಕೈಗಳಲ್ಲಿ ಕೆಲವು, ಯಾವ ಪಾಪವನ್ನೂ ಅರಿಯದ ನೆರೆಯವರ ಮೇಲೆ ಎದ್ದುದನ್ನೂ ಅವರು ಮುಚ್ಚಿಡುತ್ತಿರಲಿಲ್ಲ. ಪಂಡಿತ ಸುಂದರಲಾಲರ ಸಮಿತಿಯು ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮದನ್ನೂ ಹೆಸರಿಸಿತ್ತು. ಕಾವಲಿಗೆಂದು ಹಿಡಿದ ಬಡಿಗೆಯನ್ನು ಕೆಳಗಿಡುವ ಹೊತ್ತು ಯಾವುದೆಂಬುದು ಅಂದಿನಿಂದಲೂ ಉತ್ತರ ಬೇಡುವ ಪ್ರಶ್ನೆಯಾಗಿದೆ.

ಈಗ ನಮ್ಮ ಓಣಿಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ತೊಗರಿಯ ರಾಶಿ ಮುಗಿದ ದಿನಗಳಲ್ಲಿ ಒಂದೇ ತಿಂಗಳಿನೊಳಗೆ ಮೂರು ಮನೆಗಳು ಕಳುವಾದವು. ಮೂರಕ್ಕೂ ಬೀಗವಿತ್ತು. ಒಂದು ಮನೆಯವರು ದುಡಿಮೆಗಾಗಿ ಪುಣೆಗೆ ಗುಳೆ ಹೋಗಿದ್ದರು, ಇನ್ನೊಂದು ಮನೆಯವರು ಲಗ್ನಕ್ಕೆ, ಮತ್ತೊಂದು ಮನೆಯವರು ರೋಗಿಯನ್ನು ಕರೆದುಕೊಂಡು ಸೊಲ್ಲಾಪುರದ ದವಾಖಾನೆಗೆ. ದವಾಖಾನೆಯಿಂದ ಹಿಂದಿರುಗಿದ ತಾಯಿ, ಮಗಳ ಮದುವೆಗೆಂದು ಕೂಡಿಸಿದ್ದ ಬಂಗಾರ ಹೋದ ಟ್ರಂಕಿನ ಮುಂದೆ ಮಾತಿಲ್ಲದೆ ಕುಳಿತುದನ್ನು ಕಂಡ ಮೇಲೆ ಓಣಿಗೆ ನಿದ್ರೆ ಬರಲಿಲ್ಲ. ಹಣಮಂತ ದೇವರ ಕಟ್ಟೆಯ ಮೇಲೆ ಸಭೆ ಸೇರಿತು. ಸೀಟಿ ಊದುತ್ತ ತಿರುಗುವ ಗೂರ್ಖಾನನ್ನು ಗೊತ್ತುಮಾಡಬೇಕೆಂದು ಒಬ್ಬರು, ಓಣಿಯ ಬಾಯಿಗೆ ಗೇಟು ಹಾಕಬೇಕೆಂದು ಇನ್ನೊಬ್ಬರು, ಕ್ಯಾಮೆರಾ ಕೂಡಿಸಬೇಕೆಂದು ಮಗದೊಬ್ಬರು. ಯುವಕ ಸಂಘದ ಹುಡುಗರಂತೂ ಬಡಿಗೆಗಳ ಉದ್ದವನ್ನು ಅಳೆಯುವ ಹಂತಕ್ಕೆ ಬಂದಿದ್ದರು. ಬೀಗ ಹಾಕಿ ಊರಿಗೆ ಹೋಗುವವರ ಹೆಸರು, ಹೋದ ದಿನ, ಬರುವ ದಿನ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದಿಡಬೇಕೆಂಬ ಸೂಚನೆಯೂ ಬಂದು, ಅಕ್ಷರ ದುಂಡಾಗಿದೆಯೆಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬರುವಷ್ಟರಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ಮಾಸ್ತರ್ರೆ, ಈ ವಹಿ ಕಳ್ಳನ ಕೈಗಿ ಸಿಕ್ಕರ ಅವಗ ಓಣಿ ನಕಾಶಾನೇ ಸಿಕ್ಕಂಗ ಅಲ್ಲೇನ್ರಿ?"

ವಹಿ ಅಲ್ಲಿಗೆ ನಿಂತಿತು. ಊರಿಗೆ ಹೋಗುವವರು ಮಗ್ಗುಲ ಮನೆಗೂ ಎದುರು ಮನೆಗೂ ಮಾತ್ರ ಹೇಳಿ ಹೋಗಬೇಕು, ಮತ್ತು ಠಾಣೆಗೆ ತಿಳಿಸಬೇಕು ಎಂದು ತೀರ್ಮಾನವಾಯಿತು. ಆದರೆ ಅಂದಿನ ಸಭೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಮಾತನ್ನು ಆಡಿದವರು, ಓಣಿಯೆಲ್ಲ 'ಆಯಿ' ಎಂದೇ ಕರೆಯುವ, ಸಹಿಗೆ ಹೆಬ್ಬೆಟ್ಟು ಒತ್ತುವ ವೃದ್ಧೆ. ಕಳುವಾದ ಮೂರೂ ಮನೆಗಳ ಅಂಗಳ ಕಸ ಕಾಣದೆ, ನೀರು ಕಾಣದೆ ನಾಲ್ಕಾರು ದಿನ ಬಿದ್ದಿದ್ದವೆಂದೂ, ಕಳ್ಳನು ಓದುವುದು ಬೀಗವನ್ನಲ್ಲ, ಅಂಗಳವನ್ನೆಂದೂ ಆಕೆ ಹೇಳಿದಳು. ಮರುದಿನದಿಂದ ಬೀಗ ಬಿದ್ದ ಮನೆಯ ಮುಂದೆ ನೆರೆಮನೆಯ ಹುಡುಗಿಯರು ನೀರು ಹೊಡೆದು ರಂಗೋಲಿ ಹಾಕತೊಡಗಿದರು. ಖರ್ಚೆಂದರೆ ಒಂದು ಹಿಡಿ ರಂಗೋಲಿಪುಡಿ. ಆಯಿಯಾದರೋ ಶಾಂಡಿಗೆ ಕಾಯುವ ನೆವದಲ್ಲಿ ದಿನವಿಡೀ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ "ಯಾರ ಮನಿ ಬೇಕಾಗಿತ್ತು ಯಪ್ಪಾ?" ಎಂದು ಮಾತನಾಡಿಸುವವಳು. ಈ ಪ್ರಶ್ನೆಗೆ ನಿಜವಾಗಿ ಮನೆ ಹುಡುಕುವವನು ಸಂತೋಷಪಡುತ್ತಾನೆ. ಬೇರೆ ಕೆಲಸಕ್ಕೆ ಬಂದವನು ಎರಡನೆಯ ಸಲ ಆ ಓಣಿಗೆ ಬರುವುದಿಲ್ಲ.

ಇದನ್ನೇ ದೊಡ್ಡ ಪಂಡಿತರು ದೊಡ್ಡ ನಗರಗಳಲ್ಲಿ ಕಂಡುಕೊಂಡಿದ್ದಾರೆ. ಬೀದಿಯನ್ನು ಕಾಯುವುದು ಬೀದಿಯ ಮೇಲಿನ ಕಣ್ಣುಗಳೇ ಎಂದು ಅಮೆರಿಕೆಯ ಜೇನ್ ಜೇಕಬ್ಸ್ ೧೯೬೧ರಲ್ಲಿ ಬರೆದರು. ೧೯೭೨-೭೩ರಲ್ಲಿ ಕ್ಯಾನ್ಸಾಸ್ ನಗರದ ಪೊಲೀಸರು ಒಂದು ಪರೀಕ್ಷೆ ನಡೆಸಿದರು: ಕೆಲವು ಭಾಗಗಳಲ್ಲಿ ಗಸ್ತಿನ ಕಾರುಗಳನ್ನು ಇಮ್ಮಡಿ ಮುಮ್ಮಡಿಗೊಳಿಸಿ, ಕೆಲವು ಭಾಗಗಳಲ್ಲಿ ನಿತ್ಯದ ಗಸ್ತನ್ನೇ ನಿಲ್ಲಿಸಿ ನೋಡಿದರೂ ಅಪರಾಧಗಳ ಪ್ರಮಾಣದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ಭಿವಂಡಿಯ ಕಥೆ ಇನ್ನೂ ಮನನೀಯ. ೧೯೭೦ರಲ್ಲಿಯೂ ೧೯೮೪ರಲ್ಲಿಯೂ ದಂಗೆಯಿಂದ ಸುಟ್ಟುಹೋದ ಆ ನೇಕಾರರ ಊರಿನಲ್ಲಿ ೧೯೮೮ರಲ್ಲಿ ಸುರೇಶ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಓಣಿಗೊಂದರಂತೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಸಮುದಾಯದವರು ಒಂದೇ ಜಮಖಾನೆಯ ಮೇಲೆ ಕುಳಿತು ಗಟಾರು, ನಳ, ಜಗಳಗಳ ಮಾತನಾಡಿದರು. ೧೯೯೨-೯೩ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ನಮ್ಮ ರಾಜ್ಯದಲ್ಲಿಯೂ ೨೦೧೭ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದು ಒಬ್ಬೊಬ್ಬ ಪೇದೆಗೆ ಒಂದೊಂದು ಭಾಗದ ಹೊಣೆ ಬಿದ್ದಿತು. ೨೦೨೫ರ ಜುಲೈಯಲ್ಲಿ ಮನೆ ಮನೆಗೆ ಪೊಲೀಸರು ಹೋಗುವ ಯೋಜನೆಯೂ ಆರಂಭವಾಯಿತು. ಪೇದೆಯ ಹೆಸರು ಓಣಿಗೆ ಗೊತ್ತಿದ್ದು, ಓಣಿಯ ಹೆಸರುಗಳು ಪೇದೆಗೆ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ವರ್ಗಾವಣೆಯೆಂಬುದೊಂದು ಇಲ್ಲದಿದ್ದರೆ ಇನ್ನರ್ಧವೂ ಆಗುತ್ತಿತ್ತೇನೋ!

ಇನ್ನು ನಾನು ಬರೆಯಲೇಬೇಕೆಂದುಕೊಂಡ ಸಂಗತಿ. ೨೦೧೮ರ ಬೇಸಿಗೆಯಿಂದ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ನಾಡೆಲ್ಲ ಹರಡಿತು. ಜುಲೈ ೧೩ರಂದು ಬೀದರ ಜಿಲ್ಲೆಯ ಔರಾದ ಸೀಮೆಯ ಮುರ್ಕಿಯಲ್ಲಿ ಏನಾಯಿತೆಂಬುದು ತಮಗೆಲ್ಲ ತಿಳಿದಿದೆ. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದ ಯುವಕರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಅವರ ಅಪರಾಧ. ಸುದ್ದಿ ಕಾರಿಗಿಂತ ಮುಂದೆ ಓಡಿತು, ರಸ್ತೆಗೆ ಅಡ್ಡಗಟ್ಟಲಾಯಿತು, ಕಾರು ಉರುಳಿತು. ಬಿಡಿಸಲು ಬಂದ ಪೊಲೀಸರೂ ಗಾಯಗೊಂಡರು. ಒಬ್ಬ ಯುವಕನು ಸತ್ತನು. ಹೊಡೆದವರಲ್ಲಿ ಹೆಚ್ಚಿನವರು ತಾವು ಊರಿನ ಮಕ್ಕಳನ್ನು ಕಾಯುತ್ತಿದ್ದೇವೆಂದೇ ನಂಬಿದ್ದಿರಬೇಕು.

ಆ ಘಟನೆಗೆ ಕೆಲವೇ ವಾರಗಳ ಮುಂಚೆ ನಮ್ಮ ಓಣಿಯಲ್ಲಿಯೂ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಗದ್ದಲವೆದ್ದಿತು. ನಾನು ಹೊರಬಂದಾಗ ಹದಿನೈದಿಪ್ಪತ್ತು ಹುಡುಗರ ನಡುವೆ ಒಬ್ಬ ಮನುಷ್ಯ ನಿಂತಿದ್ದ; ಹೆಗಲ ಮೇಲೆ ನಾಲ್ಕು ವರ್ಷದ ಹೆಣ್ಣು ಕೂಸು. ಅವನಾಡುವ ಪೂರ್ವದೇಶದ ಹಿಂದಿ ಇವರಿಗೆ ತಿಳಿಯದು, ಇವರ ಮಾತು ಅವನಿಗೆ ತಿಳಿಯದು. ಯಾರ ಕೂಸು ಎಂದು ನಾಲ್ಕು ಕಡೆಯಿಂದ ಕೂಗುತ್ತಿದ್ದರು. ಒಬ್ಬನು ಅವನ ಅಂಗಿಯ ಕೊರಳಪಟ್ಟಿ ಹಿಡಿದಿದ್ದ. ಹಿಡಿದವನು ನನ್ನ ಶಿಷ್ಯ, ಪರೀಕ್ಷೆಯಲ್ಲಿ ಕನ್ನಡಕ್ಕೆ ನೂರಕ್ಕೆ ಎಂಬತ್ತು ಅಂಕ ತೆಗೆದವನು. ಕೈ ಬಿಡೆಂದು ನಾನು ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಆಯಿ ಕೋಲೂರುತ್ತ ನಡುವೆ ಬಂದು ನಿಂತು, "ಕೂಸು ಯಾರ ಕೊಳ್ಳ ಹಿಡಕೊಂಡದ ಅದನ್ನರ ನೋಡ್ರೋ ಮೊದಲ" ಎಂದಳು. ಎಲ್ಲರೂ ನೋಡಿದರು. ಎಚ್ಚರಗೊಂಡ ಮಗು ಭಯದಿಂದ ಎರಡೂ ಕೈಗಳಿಂದ ಆ ಮನುಷ್ಯನ ಕೊರಳನ್ನೇ ಬಿಗಿದು ಅಪ್ಪಿಕೊಂಡಿತ್ತು. ಕೊರಳಪಟ್ಟಿಯ ಮೇಲಿನ ಕೈ ತಾನಾಗಿ ಸಡಿಲಿತು. ಬೀಟಿನ ಪೇದೆಗೆ ದೂರವಾಣಿ ಹೋಯಿತು. ಅವನು ಬಂದು ವಿಚಾರಿಸಲಾಗಿ ಆತ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸಗಾರ, ಹೆಂಡತಿ ಊರಲ್ಲಿ ತೀರಿಹೋದ ಮೇಲೆ ಮಗಳನ್ನು ಕರೆತಂದು ಸ್ಟೇಶನ್ನಿನಿಂದ ಕೋಣೆಗೆ ನಡೆದು ಹೊರಟವನು ಎಂಬುದು ತಿಳಿಯಿತು. ಆಯಿ ಕೂಸಿಗೆ ಹಾಲು ಕುಡಿಸಿ ಕಳುಹಿಸಿದಳು.

ಮರುದಿನ ಕಟ್ಟೆಯ ಮೇಲೆ ಹುಡುಗರನ್ನು ಕೂಡಿಸಿ ನಾನು ೧೮೭೧ರ ಕಾನೂನೊಂದರ ಪಾಠ ಹೇಳಿದೆ. ಕೆಲವು ಬುಡಕಟ್ಟುಗಳು ಹುಟ್ಟಿನಿಂದಲೇ ಅಪರಾಧಿಗಳೆಂದು ಬ್ರಿಟಿಷರು ದಾಖಲೆಯಲ್ಲಿ ಬರೆದು, ಅವರು ಠಾಣೆಗೆ ಹಾಜರಿ ಕೊಡುವಂತೆ ಮಾಡಿದ ಕಾನೂನು ಅದು. ೧೯೫೨ರಲ್ಲಿ ಅದು ರದ್ದಾಯಿತು. ನಮ್ಮ ಬಾಯಿಮಾತಿನಲ್ಲಿ ಇನ್ನೂ ರದ್ದಾಗಿಲ್ಲ. ಕಳುವಾದೊಡನೆ ತಾಂಡಾದ ಕಡೆಗೋ ಗುಡಿಸಲುಗಳ ಕಡೆಗೋ ಬೆರಳು ತೋರಿಸುವ ಅಭ್ಯಾಸವನ್ನು ನಾನು ಚಿತ್ತಾಪುರದಲ್ಲಿಯೂ ಚಿಂಚೋಳಿಯಲ್ಲಿಯೂ ಕಂಡಿದ್ದೇನೆ. ಗಸ್ತಿಗೆ ಹೋಗುವವರಲ್ಲಿ ಒಬ್ಬರಾದರೂ ವಯಸ್ಸಾದವರಿರಬೇಕು, ಬಡಿಗೆ ಮನೆಯಲ್ಲೇ ಇರಬೇಕು, ಯಾರ ಮೈಮೇಲೂ ಕೈ ಹಾಕದೆ ಪೊಲೀಸರಿಗೆ ತಿಳಿಸಬೇಕು ಎಂದು ಅಂದು ಆದ ಕಟ್ಟಳೆ ಈಗಲೂ ನಡೆಯುತ್ತಿದೆ. ಆಗ ಕರೆಯುತ್ತಿದ್ದುದು ೧೦೦ಕ್ಕೆ, ಈಗ ೧೧೨ಕ್ಕೆ.

ಕ್ಯಾಮೆರಾಗಳ ಬಗೆಗೆ ದಾನಿಗಳಾದ ಮಹನೀಯರಲ್ಲಿ ಒಂದು ವಿಜ್ಞಾಪನೆ. ಜನದಟ್ಟಣೆಯ ಸ್ಥಳಗಳಲ್ಲಿ ಅವು ಇರಲೇಬೇಕೆಂದು ೨೦೧೭ರ ಕಾನೂನು ಹೇಳುತ್ತದೆ, ಇರಲಿ. ಆದರೆ ಕ್ಯಾಮೆರಾ ಬಂದವನನ್ನು ಬರೆದುಕೊಳ್ಳುತ್ತದೆಯೇ ಹೊರತು ಯಾರ ಮನೆ ಬೇಕಾಗಿತ್ತೆಂದು ಕೇಳುವುದಿಲ್ಲ. ಅದರ ಜೊತೆಗೆ ಕತ್ತಲ ಸಂದಿಗಳಿಗೆ ದೀಪಗಳನ್ನೂ, ಹಿರಿಯರು ಕೂಡಲು ನಾಲ್ಕು ಹಾಸುಗಲ್ಲುಗಳನ್ನೂ ಕೊಡಿಸಬೇಕು. ಶಹಾಬಾದದಲ್ಲಿ ಕಲ್ಲಿಗೇನು ಬರವೇ?

ಈಚೆಗೆ ಕಳ್ಳರು ಅಂಗಳವನ್ನೂ ತುಳಿಯುವುದಿಲ್ಲ. ಕಳೆದ ವರ್ಷ ನನ್ನ ಸಹೋದ್ಯೋಗಿಯಾಗಿದ್ದ ನಿವೃತ್ತ ಶಿಕ್ಷಕರೊಬ್ಬರಿಗೆ ಪೊಲೀಸ್ ಅಧಿಕಾರಿಯ ವೇಷದವನೊಬ್ಬ ವಿಡಿಯೋ ಕರೆ ಮಾಡಿ, ತಾವು ಬಂಧನದಲ್ಲಿರುವುದಾಗಿಯೂ ಬಾಗಿಲು ಹಾಕಿಕೊಂಡು ಯಾರಿಗೂ ಹೇಳದೆ ಇರಬೇಕೆಂದೂ ಬೆದರಿಸಿದ. ಹಾಗೆ ಬಂಧಿಸುವ ಕಾನೂನೇ ನಮ್ಮ ದೇಶದಲ್ಲಿಲ್ಲ. 'ಯಾರಿಗೂ ಹೇಳಬೇಡ' ಎಂಬ ಆ ಒಂದು ಮಾತೇ ಅವರ ಎಲ್ಲ ಆಯುಧ. ಮಗ್ಗುಲ ಮನೆಗೆ ಹೇಳಿದೊಡನೆ ಅದು ಮುರಿಯುತ್ತದೆ. ಎರಡು ದಿನ ಆ ಮನೆಯ ಬಾಗಿಲು ತೆರೆಯದಿದ್ದುದನ್ನು ಕಂಡು ಎದುರು ಮನೆಯ ಹುಡುಗಿ, ನಮ್ಮ ಶಾಲೆಯಲ್ಲೇ ಓದಿದವಳು, ಮೊಸರು ಕೇಳುವ ನೆವ ಮಾಡಿ ಬಾಗಿಲು ಬಡಿದಳು. ವಿಷಯ ತಿಳಿದ ಕೂಡಲೇ ಕರೆಯನ್ನು ಕಡಿದು, ೧೯೩೦ಕ್ಕೆ ತಾನೇ ದೂರು ಕೊಟ್ಟಳು. ಅಷ್ಟರಲ್ಲಿ ಪಿಂಚಣಿಯ ಹಣದ ಎರಡು ಕಂತುಗಳು ಹೋಗಿದ್ದವು. ಎರಡನೆಯ ಕಂತು ಕಳ್ಳರ ಖಾತೆಯಲ್ಲೇ ತಡೆಹಿಡಿಯಲ್ಪಟ್ಟು ಕೆಲವು ತಿಂಗಳ ಮೇಲೆ ಹಿಂದಿರುಗಿತು. ಮೊದಲನೆಯದು ಇನ್ನೂ ಬಂದಿಲ್ಲ.