ತಡೆಯೂ ಒಂದು ಉಪಕಾರ

ತಡೆದವರಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಕೊಟ್ಟವನನ್ನು ಹೊಗಳುವ ಜನ 'ತಾಳು' ಎಂದವನನ್ನು ಶಪಿಸುತ್ತಾರೆ. ಹೊರಟವನನ್ನು ಹೊಸ್ತಿಲಲ್ಲಿ ನಿಲ್ಲಿಸಿದರೆ ಅಪಶಕುನವೆಂದು ಮುಖ ಸಿಂಡರಿಸುವ ಮನೆಗಳು ಇಂದಿಗೂ ಉಂಟು. ಆದರೆ ತಡೆಯುವುದನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಪದಾರ್ಥವೊಂದಿದೆ. ಗಾತ್ರದಲ್ಲಿ ಭತ್ತದ ಕಾಳಿನಷ್ಟು. ಎರಡು ತುದಿಗೂ ತಂತಿಯ ಮೀಸೆ. ಮೈಮೇಲೆ ಬಣ್ಣಬಣ್ಣದ ಪಟ್ಟೆ. ಪುಸ್ತಕದಲ್ಲಿ ಅದರ ಹೆಸರು ರೋಧಕ. ಅಂಗಡಿಯಲ್ಲಿ ಕೇಳುವಾಗ ರೆಸಿಸ್ಟರ್. ರೇಡಿಯೋದಿಂದ ಹಿಡಿದು ಟೆಲಿವಿಷನ್ನಿನವರೆಗೆ ಅದಿಲ್ಲದ ಯಂತ್ರವಿಲ್ಲ. ಆದರೂ ಅದನ್ನು ನೆನೆಯುವವರಿಲ್ಲ.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿ, ನಿವೃತ್ತರಾದ ವಿಜ್ಞಾನದ ಮೇಷ್ಟರೊಬ್ಬರ ಮನೆಯಲ್ಲಿ, ಒಂದು ಬೇಸಗೆಯ ಸಂಜೆ ಈ ಅಲ್ಪಪ್ರಾಣಿಗೆ ಮರ್ಯಾದೆ ದೊರೆಯಿತು. ಮೇಷ್ಟರ ಮೊಮ್ಮಗಳು ಪಿ.ಯು.ಸಿ. ವಿದ್ಯಾರ್ಥಿನಿ. ಜಗಲಿಯ ಮೇಲೆ ಕುಳಿತು ಪುಟ್ಟದೊಂದು ದೀಪವನ್ನು ಹೊತ್ತಿಸುವ ಸಾಹಸದಲ್ಲಿದ್ದಳು. ಒಂಬತ್ತು ವೋಲ್ಟಿನ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಮುಟ್ಟಿಸಿದಳು. ದೀಪ ಒಮ್ಮೆ ಮಿಂಚಿತು. ಮರುಕ್ಷಣವೇ ಕಣ್ಣು ಮುಚ್ಚಿತು. ಮತ್ತೆಂದೂ ತೆರೆಯಲಿಲ್ಲ.

"ಹಸಿದ ಮಗುವಿನ ಬಾಯಿಗೆ ಬಿಂದಿಗೆ ಬಗ್ಗಿಸಿದೆಯಲ್ಲಮ್ಮ" ಎಂದು ತಾತ ನಕ್ಕರು. ಬಳಿಕ ಕನ್ನಡಕ ಏರಿಸಿ ಲೆಕ್ಕಕ್ಕೆ ಕುಳಿತರು. ಬ್ಯಾಟರಿ ಕೊಡುವುದು 9 ವೋಲ್ಟ್. ದೀಪಕ್ಕೆ ಬೇಕಾದದ್ದು ಸುಮಾರು 2. ಉಳಿದ 7 ವೋಲ್ಟನ್ನು ಯಾರಾದರೂ ಹೊರಬೇಕು. ದೀಪ ತಾಳಬಲ್ಲ ಕರೆಂಟು 20 ಮಿಲಿಆಂಪಿಯರ್, ಅಂದರೆ ಒಂದು ಆಂಪಿಯರಿನ ಐವತ್ತನೆಯ ಒಂದು ಪಾಲು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್: 350. ಅಂಗಡಿಯಲ್ಲಿ ಸುಲಭವಾಗಿ ಸಿಗುವವುಗಳಲ್ಲಿ ಅದಕ್ಕಿಂತ ತುಸು ಹೆಚ್ಚಿನದು 390. ಕಿತ್ತಳೆಯೆಂದರೆ ಮೂರು, ಬಿಳಿಯೆಂದರೆ ಒಂಬತ್ತು, ಕಂದೆಂದರೆ ಮುಂದೆ ಒಂದು ಸೊನ್ನೆ. ಕೊನೆಯ ಚಿನ್ನದ ಬಣ್ಣದ ಪಟ್ಟೆ ಮಾತ್ರ ಆಭರಣವಲ್ಲ. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದೆಂಬ ಪ್ರಾಮಾಣಿಕ ಒಪ್ಪಿಗೆ. ಹಾಗೆ ಒಪ್ಪಿಕೊಳ್ಳುವ ಮನುಷ್ಯರು ಎಷ್ಟು ಮಂದಿ?

ಹೊಸ ದೀಪ, ನಡುವೆ ರೋಧಕ. ಈ ಬಾರಿ ಬೆಳಕು ನಿಂತಿತು.

"ಕೆರೆಯ ತೂಬಿನ ಹತ್ತಿರ ನೀರುಗಂಟಿ ನಿಲ್ಲುತ್ತಿದ್ದ, ಗೊತ್ತೆ?" ಎಂದರು ಮೇಷ್ಟರು. ನದಿಯ ಆಸರೆ ಕಾಣದ ಕೋಲಾರದ ಸೀಮೆ ಕೆರೆಗಳನ್ನೇ ನಂಬಿ ಬಾಳಿದ್ದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಅಳೆದು ಬಿಡುತ್ತಿದ್ದವನು ನೀರುಗಂಟಿ. ಅವನು ನೀರನ್ನು ಸೃಷ್ಟಿಸಲಿಲ್ಲ. ಹಿಡಿದು ಬಿಟ್ಟ, ಅಷ್ಟೆ. ರೋಧಕದ ಕೆಲಸವೂ ಅದೇ. ಒಂದರ ಹಿಂದೆ ಒಂದರಂತೆ ಎರಡನ್ನು ಜೋಡಿಸಿದರೆ ತಡೆಗಳು ಕೂಡುತ್ತವೆ: ನೂರಕ್ಕೆ ನೂರು ಸೇರಿ ಇನ್ನೂರು. ಅಕ್ಕಪಕ್ಕದಲ್ಲಿ ಜೋಡಿಸಿದರೆ, ಕೆರೆಗೆ ಎರಡು ತೂಬು ತೆರೆದಂತೆ, ಹರಿವು ಸರಾಗ: ನೂರು, ನೂರು ಸೇರಿಯೂ ಐವತ್ತೇ.

ಈ ನಿಯಮವನ್ನು 1827ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದ ಜರ್ಮನಿಯ ಗೇಯಾರ್ಗ್ ಓಮ್ ಕೂಡ ಶಾಲೆಯ ಮೇಷ್ಟರೇ. ಬೀಗ ಮಾಡುವವನ ಮಗ. ಮೊದಲಿಗೆ ಅವನ ಮಾತನ್ನು ಆದರಿಸಿದವರು ವಿರಳ. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಪದಕವಿತ್ತು ಗೌರವಿಸಿದ್ದು 1841ರಲ್ಲಿ. ಮೇಷ್ಟರುಗಳ ಮಾತು ಮನೆಯಲ್ಲಿಯೂ ನಿಧಾನವಾಗಿಯೇ ನಾಟುತ್ತದೆ ಎಂಬುದು ಅದೇ ರಾತ್ರಿ ಮತ್ತೊಮ್ಮೆ ಸಿದ್ಧವಾಯಿತು.

ಮೇಷ್ಟರ ಮಗ ಮಾವಿನ ತೋಪಿನ ಮಗ್ಗುಲಲ್ಲಿ ಟೊಮೇಟೊ ಇಟ್ಟಿದ್ದ. ಮೂರು ದಿನಗಳಿಂದ ನೀರಿಲ್ಲದೆ ಗಿಡಗಳು ತಲೆಬಾಗಿಸಿದ್ದವು. ರಾತ್ರಿ ಹತ್ತಕ್ಕೆ ತ್ರೀಫೇಸ್ ಕರೆಂಟು ಬಂದಿತು. ಮಗ ಟಾರ್ಚು ಹಿಡಿದು ಪಂಪುಮನೆಗೆ ಧಾವಿಸಿದ. ಹಿಂದೆಯೇ ಮಗಳು, ಅವಳ ಹಿಂದೆ ಊರುಗೋಲಿನ ತಾತ. ಪೆಟ್ಟಿಗೆಯ ಮೇಲಿನ ಮೀಟರಿನ ಮುಳ್ಳು 415ರ ಬಳಿ ನಿಲ್ಲಬೇಕಾದದ್ದು 310ರಲ್ಲಿ ತೂಕಡಿಸುತ್ತಿತ್ತು. ಲೈನಿನ ಉದ್ದಕ್ಕೂ ಎಲ್ಲರೂ ಒಮ್ಮೆಗೇ ಮೋಟಾರು ಹಾಕಿದ್ದರು. ತಂತಿಗೂ ತನ್ನದೇ ತಡೆಯುಂಟು. ಹರಿಯುವ ಕರೆಂಟು ಹೆಚ್ಚಿದಷ್ಟೂ ದಾರಿಯಲ್ಲಿ ಕಳೆಯುವ ವೋಲ್ಟೂ ಹೆಚ್ಚು. ಈ ತೋಟವೋ ಟ್ರಾನ್ಸ್‌ಫಾರ್ಮರಿನಿಂದ ಎಲ್ಲರಿಗಿಂತ ದೂರ, ಕಾಲುವೆಯ ಕಟ್ಟಕಡೆಯ ಗದ್ದೆಯಂತೆ.

ಮಗನ ಕೈ ಗುಂಡಿಯ ಮೇಲಿತ್ತು.

"ಬೇಡ ಅಪ್ಪ. ಹೋದ ವರ್ಷ ಹೀಗೇ ಹಾಕಿ ಕಾಯಿಲ್ ಸುಟ್ಟದ್ದು" ಎಂದಳು ಮಗಳು.

ಹೋದ ವರ್ಷದ ನೆನಪು ಯಾರಿಗೂ ಹಿತವಾಗಿರಲಿಲ್ಲ. ಕೊಳವೆಬಾವಿಯಿಂದ ಮೋಟಾರು ಮೇಲೆತ್ತಿಸಿ, ಹೊಸದಾಗಿ ತಂತಿ ಸುತ್ತಿಸಿ, ಮತ್ತೆ ಇಳಿಸುವ ಹೊತ್ತಿಗೆ ಅರ್ಧ ಬೆಳೆ ಒಣಗಿತ್ತು. ಮಗಳ ಕಾಲೇಜಿನ ಶುಲ್ಕಕ್ಕೆಂದು ಇಟ್ಟಿದ್ದ ಹಣ ಅದಕ್ಕೇ ಸಂದಿತ್ತು.

"ವೋಲ್ಟೇಜ್ ಕಮ್ಮಿಯಾದರೆ ಕರೆಂಟೂ ಕಮ್ಮಿ ಅಂತ ಸಾಯಂಕಾಲ ತಾನೆ ನಿಮ್ಮ ತಾತ ಲೆಕ್ಕ ಹೇಳಿದರು? ಕಮ್ಮಿ ಕರೆಂಟಿಗೆ ಸುಡೋದು ಹೇಗೆ?" ಎಂದು ಮಗ ಸಿಡಿದ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಕೊಟ್ಟವಳು ಮೊಮ್ಮಗಳು: "ಅದು ರೆಸಿಸ್ಟರಿಗೆ, ಅಪ್ಪ. ಮೋಟಾರಿಗೆ ಹೊರೆ ಹಾಗೇ ಇರುತ್ತಲ್ಲ. ಅರೆಹೊಟ್ಟೆ ಎತ್ತು ಅದೇ ಗಾಡಿ ಎಳೆಯಬೇಕು, ಏದುಸಿರು ಬಿಡುತ್ತೆ. ಕಮ್ಮಿ ವೋಲ್ಟೇಜಿನಲ್ಲಿ ಅದು ಜಾಸ್ತಿ ಕರೆಂಟು ಎಳೆಯುತ್ತೆ. ಕರೆಂಟು ಒಂದೂವರೆಯಷ್ಟಾದರೆ ಸುರುಳಿಯ ಬಿಸಿ ಎರಡೂಕಾಲರಷ್ಟು."

ತಾತ ಮಾತನಾಡಲಿಲ್ಲ. ಅವರು ಹೇಳಬೇಕಾದದ್ದನ್ನು ಮತ್ತೊಬ್ಬರು ಹೇಳಿಯಾಗಿತ್ತು. ಮಗ ಗುಂಡಿಯಿಂದ ಕೈ ತೆಗೆದು ಕಟ್ಟೆಯ ಮೇಲೆ ಕುಸಿದು ಕುಳಿತ. ಕತ್ತಲಲ್ಲಿ ಬಾಡುತ್ತಿರುವ ಗಿಡಗಳನ್ನು ನೋಡುತ್ತ ಸುಮ್ಮನಿರುವುದು ರೈತನಿಗೆ ಸುಲಭವಲ್ಲ. ಆ ಮೌನವನ್ನು ತುಂಬಲೆಂದೇ ಮೇಷ್ಟರು ಹಳೆಯ ಕಥೆ ತೆಗೆದರು.

ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಬಂದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳು ಬೆಳಗುವುದಕ್ಕೂ ಮೂರು ವರ್ಷ ಮೊದಲು. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು, ತಂತಿಯ ಮೇಲೆ ನಡೆದು ಬರಬೇಕಾಗಿತ್ತು. ಇಷ್ಟು ದೂರದ ತಡೆಯನ್ನು ದಾಟಿಸಿದ ಉಪಾಯ ಯಾವುದು? ವೋಲ್ಟೇಜನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿದ್ದು. ಹತ್ತರಷ್ಟು ವೋಲ್ಟೇಜಿಗೆ ಏರಿಸಿದರೆ ಅಷ್ಟೇ ಶಕ್ತಿಗೆ ಹತ್ತನೆಯ ಒಂದು ಪಾಲು ಕರೆಂಟು ಸಾಕು; ದಾರಿಯಲ್ಲಿ ಬಿಸಿಯಾಗಿ ಪೋಲಾಗುವುದು ನೂರನೆಯ ಒಂದು ಪಾಲು. ಆ ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲಿಯೇ ತೀರಿಕೊಂಡರು. ಗಣಿಯಲ್ಲಿ ಯಂತ್ರ ತಿರುಗಿದ್ದನ್ನು ಕಾಣಲಿಲ್ಲ. ಗಣಿಯೂ 2001ರಲ್ಲಿ ಮುಚ್ಚಿತು. ತಂತಿಯ ನಿಯಮ ಮಾತ್ರ ಬದಲಾಗಲಿಲ್ಲ.

ರಾತ್ರಿ ಎರಡೂವರೆಯ ಸುಮಾರಿಗೆ ಅಕ್ಕಪಕ್ಕದ ಮೋಟಾರುಗಳು ಒಂದೊಂದಾಗಿ ನಿಂತವು. ಮುಳ್ಳು ನಿಧಾನವಾಗಿ 340ಕ್ಕೆ, 370ಕ್ಕೆ, ಕಡೆಗೆ 395ಕ್ಕೆ ಏರಿತು. ಮಗ ತಂದೆಯ ಕಡೆ ನೋಡಲಿಲ್ಲ. ಮಗಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಗುಂಡಿ ಒತ್ತಿದೊಡನೆ ಕೊಳವೆಯಲ್ಲಿ ಗಾಳಿ ಕೆಮ್ಮಿ, ಸ್ವಲ್ಪ ಹೊತ್ತಿನಲ್ಲಿ ನೀರು ಬಂದಿತು. ಬೆಳಗಿನ ಜಾವ ಕರೆಂಟು ಹೋಗುವುದರೊಳಗೆ ಎಲ್ಲ ಸಾಲುಗಳಿಗೂ ಸಾಲಲಿಲ್ಲ. ಕೊನೆಯ ಆರು ಸಾಲು ಒಣಗಿಯೇ ಉಳಿದವು. ಮೋಟಾರು ಉಳಿಯಿತು.

ಮನೆಗೆ ಬಂದಾಗ ಜಗಲಿಯ ಮೇಲೆ ಸಂಜೆಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಮೊಮ್ಮಗಳು ಅದರ ಬಳಿಯ ರೋಧಕವನ್ನು ಬೆರಳಿನಿಂದ ಮುಟ್ಟಿ, "ತಾತ, ಇದು ಬೆಚ್ಚಗಿದೆ" ಎಂದಳು.

ಬೆಚ್ಚಗಿರಲೇಬೇಕು. ದೀಪ ತಾಳಲಾರದ ಏಳು ವೋಲ್ಟನ್ನು ಹೊತ್ತು, ಅದನ್ನು ಬಿಸಿಯಾಗಿ ತಾನೇ ಅನುಭವಿಸುವುದು ಅದರ ಪಾಡು. ತಡೆಯುವವರೆಲ್ಲರ ಪಾಡೂ ಅದೇ ಇರಬೇಕು.

ಒಳಗೆ ಕಾಲು ತೊಳೆಯುತ್ತಿದ್ದ ಮಗ ಕೂಗಿ ಹೇಳಿದ: "ಅಪ್ಪನಿಗೆ ಒಂದು ಲೋಟ ಕಾಫಿ ಮಾಡಿಕೊಡಮ್ಮ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾರೆ."