ಕರೆಂಟ್ ಹೋದಾಗೆಲ್ಲ ಮುನಿಸಿಕೊಳ್ಳುವ ಪ್ರಿಂಟರ್

ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್, ಒಂದೇ ಪ್ರಿಂಟರ್. ಮೂರೂ ವೈಫೈನಲ್ಲಿವೆ. ಹಾಲ್ ಟಿಕೆಟ್, ಪಹಣಿ ಎಂದು ಅಕ್ಕಪಕ್ಕದವರೂ ನಮ್ಮಲ್ಲಿಗೇ ಬರುತ್ತಾರೆ. ಪೇಟೆಗೆ ಹೋದರೆ ಅವರಿಗೆ ಒಂದು ದಿನದ ಕೂಲಿ ಹೋಯಿತು. ಆದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಸಾಕು, ಪ್ರಿಂಟರ್ ‘ಆಫ್‌ಲೈನ್’. ಹೊಸದು ತಗೊಳ್ಳಿ ಅಂದರು ಅಂಗಡಿಯವರು.

ಇಂಕ್, ವೈರ್ ಎಲ್ಲ ಸರಿಯಿತ್ತು. ತೊಂದರೆ ಇದ್ದದ್ದು ವಿಳಾಸದಲ್ಲಿ. ರೌಟರ್ ಒಂದೊಂದು ಯಂತ್ರಕ್ಕೂ 192.168.1.5 ರೀತಿಯ ಐಪಿ ವಿಳಾಸ ಕೊಡುತ್ತದೆ. ಅದು ಕಾಯಂ ಅಲ್ಲ. ಕರೆಂಟ್ ಬಂದ ಮೇಲೆ ಪ್ರಿಂಟರಿಗೆ ಕೊನೆಯಲ್ಲಿ 5ರ ಬದಲು 7 ಸಿಕ್ಕಿರುತ್ತದೆ. ಕಂಪ್ಯೂಟರ್ ಮಾತ್ರ ಹಳೇ 5ನ್ನೇ ಹುಡುಕುತ್ತಿರುತ್ತದೆ. ಮನೆ ಬದಲಿಸಿದವರಿಗೆ ಹಳೇ ಮನೆಗೆ ಕಾಗದ ಹಾಕಿದ ಹಾಗೆ.

ರೌಟರ್ ಸೆಟ್ಟಿಂಗ್‌ನ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್‌ ಹಾಕಿ ಒಂದು ಐಪಿ ಕಾಯಂ ಮಾಡಿದೆವು. ಎರಡೂ ಕಂಪ್ಯೂಟರಿನಲ್ಲಿ ಅದೇ ಐಪಿ ಕೊಟ್ಟು ಪ್ರಿಂಟರನ್ನು ಮತ್ತೆ ಸೇರಿಸಿದೆವು.

ಒಂದು ಕಂಪ್ಯೂಟರಿನ ಫೋಲ್ಡರ್ ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಎಂದಿತ್ತು; ‘ಪ್ರೈವೇಟ್’ ಮಾಡಿ ಶೇರಿಂಗ್ ಆನ್ ಮಾಡಿದೆವು, ಕಂಡಿತು. ಇದನ್ನು ಮನೆಯ ವೈಫೈಗೆ ಮಾತ್ರ ಮಾಡಿ, ಬಸ್ ಸ್ಟ್ಯಾಂಡಿನದಕ್ಕೆ ಬೇಡ.

ಖರ್ಚು ಒಂದು ರೂಪಾಯಿಯೂ ಆಗಲಿಲ್ಲ. ನಿಮ್ಮಲ್ಲೂ ಹೀಗಾದರೆ ದುಡ್ಡು ಬಿಚ್ಚುವ ಮೊದಲು ವಿಳಾಸ ನೋಡಿ.